ಆಸ್ಪತ್ರೆ ಸೋಂಕಿನ ಬ್ಯಾಕ್ಟೀರಿಯಾಗಳಲ್ಲಿ ಪ್ರತಿಜೀವಕ ಪ್ರತಿರೋಧದ ಪತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಯ ರಕ್ತ, ಮೂತ್ರ, ಕೀವಿನಂಥ ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಪರೀಕ್ಷಿಸಿದ ಕಲ್ಚರ್ ವರದಿಯಲ್ಲಿ ಪ್ರತಿಯೊಂದು ಔಷಧದ ಹೆಸರಿನ ಎದುರು ಒಂದು ಅಕ್ಷರ ಅಚ್ಚಾಗಿರುತ್ತದೆ. ಆ ಅಕ್ಷರ ಅಲ್ಲಿಗೆ ಬರುವ ಮುನ್ನ ಪ್ರಯೋಗಾಲಯದಲ್ಲಿ ಏನೇನು ನಡೆದಿರುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿ ಅದು ದಾರಿ ತಪ್ಪಿಸಬಹುದು ಎಂಬುದೇ ಕೆಳಗಿನ ಬಹುಪಾಲು ಪ್ರಶ್ನೆಗಳ ತಿರುಳು. ವೈದ್ಯಕೀಯ ವಿದ್ಯಾರ್ಥಿಗಳು, ದಾದಿಯರು, ಪ್ರಯೋಗಾಲಯದ ತಂತ್ರಜ್ಞರು ಹಾಗೂ ವರದಿಯನ್ನು ಕೈಯಲ್ಲಿ ಹಿಡಿದು ಕುಳಿತ ರೋಗಿಯ ಬಂಧುಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು.

ಯಾವ ಸೋಂಕನ್ನು ಆಸ್ಪತ್ರೆಯಲ್ಲಿ ತಗಲಿದ ಸೋಂಕು ಎನ್ನುತ್ತಾರೆ?

ರೋಗಿ ದಾಖಲಾಗುವಾಗ ಮೈಯಲ್ಲಿ ಇಲ್ಲದಿದ್ದ, ಒಳಗೊಳಗೇ ಬೆಳೆಯುತ್ತಲೂ ಇರದಿದ್ದ ಸೋಂಕು ದಾಖಲಾದ 48 ಗಂಟೆಗಳ ನಂತರ ಕಾಣಿಸಿಕೊಂಡರೆ ಅದನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ತಗಲಿದ ಸೋಂಕೆಂದು ಪರಿಗಣಿಸುತ್ತಾರೆ. ಶಸ್ತ್ರಚಿಕಿತ್ಸೆಯ ಗಾಯದ ವಿಷಯದಲ್ಲಿ ಈ ಅವಧಿ 30 ದಿನ, ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ 90 ದಿನ. ಮೂತ್ರದ ಕ್ಯಾತಿಟರ್, ರಕ್ತನಾಳಕ್ಕೆ ಹಾಕಿದ ನಳಿಕೆ, ವೆಂಟಿಲೇಟರ್ ಮತ್ತು ಶಸ್ತ್ರಚಿಕಿತ್ಸೆಯ ಗಾಯ, ಈ ನಾಲ್ಕು ಬಾಗಿಲುಗಳಿಂದಲೇ ಇಂಥ ಸೋಂಕುಗಳಲ್ಲಿ ಬಹಳಷ್ಟು ಒಳನುಗ್ಗುತ್ತವೆ.

ಇವುಗಳಲ್ಲಿ ಯಾವ ಬ್ಯಾಕ್ಟೀರಿಯಾಗಳ ಬಗ್ಗೆ ಹೆಚ್ಚು ಆತಂಕವಿದೆ?

ಎಂಟೆರೊಕಾಕಸ್ ಫೀಸಿಯಂ, ಸ್ಟೆಫೈಲೊಕಾಕಸ್ ಆರಿಯಸ್, ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಅಸಿನೆಟೊಬ್ಯಾಕ್ಟರ್ ಬಾಮಾನಿಯೈ, ಸ್ಯೂಡೊಮೊನಾಸ್ ಏರುಜಿನೋಸಾ ಮತ್ತು ಎಂಟೆರೊಬ್ಯಾಕ್ಟರ್ ಪ್ರಭೇದಗಳು, ಈ ಆರನ್ನು ಅವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ‘ಎಸ್ಕೇಪ್’ ಗುಂಪು ಎಂದು ಕರೆಯುವ ರೂಢಿಯಿದೆ. ಔಷಧದಿಂದ ನುಣುಚಿಕೊಳ್ಳುವ ಅವುಗಳ ಗುಣಕ್ಕೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ ಆದ್ಯತಾ ಪಟ್ಟಿಯಲ್ಲಿ ಕಾರ್ಬಪೆನೆಮ್ ಎಂಬ ಪ್ರಬಲ ಪ್ರತಿಜೀವಕಗಳ ಗುಂಪಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್, ಹಾಗೂ ಕಾರ್ಬಪೆನೆಮ್‌ಗೆ ಅಥವಾ ಮೂರನೆಯ ಪೀಳಿಗೆಯ ಸೆಫಲೋಸ್ಪೊರಿನ್ ಎಂಬ ಇನ್ನೊಂದು ಗುಂಪಿಗೆ ಬಗ್ಗದ ಎಂಟೆರೊಬ್ಯಾಕ್ಟರೇಲ್ಸ್ (ಈ. ಕೋಲಿ, ಕ್ಲೆಬ್ಸಿಯೆಲ್ಲಾ ಮುಂತಾದವುಗಳ ಬಳಗ) ಅತ್ಯಂತ ಗಂಭೀರ ವರ್ಗದಲ್ಲಿವೆ. ಪ್ರತಿರೋಧ ಪಡೆದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಇದು ಆಸ್ಪತ್ರೆಯ ಸೋಂಕು, ಹೊರಗಿನ ಸೋಂಕು ಎರಡನ್ನೂ ಒಳಗೊಂಡ ಲೆಕ್ಕ.

ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿರುವುದು ಹೇಗೆ? ಪತ್ತೆಯ ಕೆಲಸಕ್ಕೆ ಅದನ್ನು ತಿಳಿಯುವುದು ಏಕೆ ಬೇಕು?

ಅದರ ಮುಂದೆ ಕೆಲವೇ ದಾರಿಗಳಿವೆ. ಔಷಧವನ್ನು ಕತ್ತರಿಸಿ ಹಾಕುವ ಕಿಣ್ವವನ್ನು ತಯಾರಿಸಬಹುದು, ಪೆನಿಸಿಲಿನ್‌ನಂಥ ಬೀಟಾ ಲ್ಯಾಕ್ಟಮ್ ಔಷಧಗಳನ್ನು ಒಡೆಯುವ ಬೀಟಾ ಲ್ಯಾಕ್ಟಮೇಸ್‌ಗಳು ಮಾಡುವುದು ಇದನ್ನೇ. ಔಷಧ ಹೋಗಿ ಅಂಟಿಕೊಳ್ಳಬೇಕಾದ ಗುರಿಯನ್ನೇ ಬದಲಿಸಬಹುದು. ಹೊರಪದರದ ರಂಧ್ರಗಳನ್ನು ಮುಚ್ಚಿ ಔಷಧ ಒಳಬರದಂತೆ ತಡೆಯಬಹುದು, ಅಥವಾ ಒಳಬಂದದ್ದನ್ನು ಪಂಪಿನಂತೆ ಹೊರಗೆ ತಳ್ಳಬಹುದು. ಒಂದೇ ಬ್ಯಾಕ್ಟೀರಿಯಾದಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರುವುದೂ ಉಂಟು.

ಪತ್ತೆಯ ವಿಧಾನಗಳು ಬೇರೆ ಬೇರೆಯಾಗಿರುವುದಕ್ಕೆ ಕಾರಣ ಇಲ್ಲಿಯೇ ಇದೆ. ಒಂದು ಜೀನ್ ಅನ್ನು ಹುಡುಕುವ ಪರೀಕ್ಷೆ ಆ ಜೀನ್ ಅನ್ನಷ್ಟೇ ಕಾಣುತ್ತದೆ, ಕಿಣ್ವವನ್ನು ಹುಡುಕುವ ಪರೀಕ್ಷೆ ಕಿಣ್ವವನ್ನಷ್ಟೇ ಕಾಣುತ್ತದೆ. ಸ್ಯೂಡೊಮೊನಾಸ್ ತನ್ನ ಹೊರಪದರದ ‘ಓಪಿಆರ್‌ಡಿ’ ಎಂಬ ರಂಧ್ರವನ್ನು ಕಳೆದುಕೊಂಡು ಇಮಿಪೆನೆಮ್ ಎಂಬ ಕಾರ್ಬಪೆನೆಮ್‌ಗೆ ಬಗ್ಗದಂತಾಗಿದ್ದರೆ ಕಿಣ್ವದ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಆದರೆ ಔಷಧವಂತೂ ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾವನ್ನು ಔಷಧದ ಜೊತೆಗೇ ಬೆಳೆಸಿ ನೋಡುವ ಹಳೆಯ ವಿಧಾನಕ್ಕೆ ಇನ್ನೂ ಬೆಲೆ ಇರುವುದು ಇದಕ್ಕಾಗಿಯೇ. ಅದು ಕಾರಣವನ್ನು ಕೇಳುವುದಿಲ್ಲ, ಫಲವನ್ನು ತೋರಿಸುತ್ತದೆ.

ಮಾದರಿಯನ್ನು ಯಾವಾಗ, ಹೇಗೆ ತೆಗೆಯಬೇಕು?

ಸಾಧ್ಯವಾದ ಮಟ್ಟಿಗೆ ಪ್ರತಿಜೀವಕದ ಮೊದಲ ಡೋಸ್ ಕೊಡುವ ಮುನ್ನ ತೆಗೆಯಬೇಕು. ಆದರೆ ಸೋಂಕಿನಿಂದ ಅಂಗಾಂಗಗಳು ಕೈಕೊಡುವ ತೀವ್ರ ಸೆಪ್ಸಿಸ್‌ನಲ್ಲಿ ಮಾದರಿಯ ನೆಪದಲ್ಲಿ ಔಷಧವನ್ನು ತಡಮಾಡುವಂತಿಲ್ಲ. ರಕ್ತದ ಕಲ್ಚರ್ ಆದರೆ ವಯಸ್ಕರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು, ಬೇರೆ ಬೇರೆ ಜಾಗಗಳಿಂದ ಕನಿಷ್ಠ ಎರಡು ಸೆಟ್ ತೆಗೆಯಬೇಕು. ರಕ್ತದ ಸೋಂಕಿನಲ್ಲೂ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೆರಡೇ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯವಾದ್ದರಿಂದ ರಕ್ತದ ಪ್ರಮಾಣ ಕಡಿಮೆಯಾದಷ್ಟೂ ಅವು ಕೈತಪ್ಪುವ ಸಂಭವ ಹೆಚ್ಚು. ಮೂತ್ರವನ್ನು ಕ್ಯಾತಿಟರಿನ ಮಾದರಿ ತೆಗೆಯುವ ದ್ವಾರದಿಂದ ತೆಗೆಯಬೇಕೇ ಹೊರತು ತೂಗುಹಾಕಿದ ಚೀಲದಿಂದಲ್ಲ. ಗಾಯದ ಮೇಲೆ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿ) ಸವರಿ ಕಳುಹಿಸುವುದಕ್ಕಿಂತ ಒಳಗಿನ ಕೀವನ್ನೋ ಅಂಗಾಂಶದ ತುಣುಕನ್ನೋ ಕಳುಹಿಸುವುದು ಮೇಲು. ಪ್ರಯೋಗಾಲಯದಲ್ಲಿ ಎಂಥ ಯಂತ್ರವಿದ್ದರೂ ತಪ್ಪಾಗಿ ತೆಗೆದ ಮಾದರಿಯ ಮೇಲೆ ನಡೆಸಿದ ಪರೀಕ್ಷೆ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ. ವಾರ್ಡಿನ ಈ ಹತ್ತು ನಿಮಿಷದ ಕೆಲಸಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲವೆಂದೇ ಹೇಳಬೇಕು.

ವರದಿ ಬರಲು ಎರಡು ಮೂರು ದಿನ ಏಕೆ?

ಬ್ಯಾಕ್ಟೀರಿಯಾ ಬೆಳೆಯಲು ತೆಗೆದುಕೊಳ್ಳುವ ಸಮಯವೇ ಮುಖ್ಯ ಕಾರಣ. ಮೊದಲು ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆದು ಕಾಣಿಸಿಕೊಳ್ಳಬೇಕು, ಆಮೇಲೆ ಒಂದೇ ಬಗೆಯ ಬ್ಯಾಕ್ಟೀರಿಯಾಗಳ ಬಿಡಿ ಗುಂಪನ್ನು, ಅಂದರೆ ಕಾಲೊನಿಯನ್ನು, ಆರಿಸಿ ಪ್ರಭೇದವನ್ನು ಗುರುತಿಸಬೇಕು, ಅದಾದ ಮೇಲೆ ಅದನ್ನು ಔಷಧಗಳ ಜೊತೆ ಮತ್ತೊಂದು ರಾತ್ರಿ ಬೆಳೆಸಬೇಕು. ಮಾಲ್ಡಿ ಟಾಫ್ ಎಂಬ ಉಪಕರಣ ಬಂದ ಮೇಲೆ ಪ್ರಭೇದದ ಗುರುತು ಕೆಲವೇ ನಿಮಿಷಗಳ ಕೆಲಸವಾಗಿದೆ, ಆದರೆ ಅದು ಹೇಳುವುದು ಬ್ಯಾಕ್ಟೀರಿಯಾದ ಹೆಸರನ್ನು ಮಾತ್ರ, ದಿನನಿತ್ಯದ ಬಳಕೆಯಲ್ಲಿ ಅದು ಪ್ರತಿರೋಧವನ್ನು ಹೇಳುವುದಿಲ್ಲ. ರಕ್ತದ ಬಾಟಲಿ ಪಾಸಿಟಿವ್ ಆದೊಡನೆ ಅದರಿಂದಲೇ ನೇರವಾಗಿ ಪ್ಲೇಟಿಗೆ ಹಚ್ಚಿ, 4, 6 ಅಥವಾ 8 ಗಂಟೆಗಳಲ್ಲಿ ಫಲಿತಾಂಶ ಓದುವ ಕ್ಷಿಪ್ರ ಡಿಸ್ಕ್ ವಿಧಾನವನ್ನು ಯುರೋಪಿನ ಮಾನದಂಡ ಸಮಿತಿಯಾದ ಯೂಕಾಸ್ಟ್ ರೂಪಿಸಿದೆ. ಪ್ರಭೇದಕ್ಕೂ ಓದುವ ಗಂಟೆಗೂ ತಕ್ಕಂತೆ ಪ್ರತ್ಯೇಕ ಅಳತೆಗಳನ್ನು ಬಳಸಬೇಕೆಂಬುದು ಅದರ ಕಟ್ಟುನಿಟ್ಟು.

ಡಿಸ್ಕ್ ಡಿಫ್ಯೂಶನ್ ಪರೀಕ್ಷೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆ?

1966ರಲ್ಲಿ ಬಾವರ್, ಕರ್ಬಿ, ಶೆರಿಸ್ ಮತ್ತು ಟರ್ಕ್ ಪ್ರಕಟಿಸಿದ ಈ ವಿಧಾನ ಇಂದಿಗೂ ಜಗತ್ತಿನ ಅಸಂಖ್ಯ ಪ್ರಯೋಗಾಲಯಗಳ ಬೆನ್ನೆಲುಬು. ಶುದ್ಧವಾಗಿ ಬೆಳೆದ ಕಾಲೊನಿಗಳನ್ನು ಸಲೈನ್‌ನಲ್ಲಿ ಕದಡಿ, ಅದರ ಮಬ್ಬು 0.5 ಮ್ಯಾಕ್‌ಫರ್ಲೆಂಡ್ ಮಾನಕಕ್ಕೆ ಸರಿಹೊಂದುವಂತೆ ಮಾಡುತ್ತಾರೆ. ಅಂದರೆ ಪ್ರತಿ ಮಿಲಿಲೀಟರಿಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ. ಹದಿನೈದು ನಿಮಿಷದೊಳಗೆ ಅದರಲ್ಲಿ ಸ್ವಾಬ್ ಅದ್ದಿ, ಕೊಳವೆಯ ಗೋಡೆಗೆ ಒತ್ತಿ ಹೆಚ್ಚಿನ ದ್ರವವನ್ನು ಹಿಂಡಿ, 4 ಮಿಲಿಮೀಟರ್ ದಪ್ಪದ ಮುಲ್ಲರ್ ಹಿಂಟನ್ ಅಗಾರ್ ಎಂಬ ಜೆಲ್ಲಿಯಂಥ ಪೋಷಕ ಮಾಧ್ಯಮದ ಮೇಲೆ ಪ್ಲೇಟನ್ನು ತಿರುಗಿಸುತ್ತಾ ಮೂರು ದಿಕ್ಕುಗಳಿಂದ ಸವರುತ್ತಾರೆ. ಅದರ ಮೇಲೆ ಔಷಧ ಹೀರಿದ ಕಾಗದದ ಡಿಸ್ಕ್‌ಗಳನ್ನಿಟ್ಟು, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ. ಡಿಸ್ಕ್ ಅಗಾರಿಗೆ ತಾಗಿದ ಕ್ಷಣದಿಂದಲೇ ಔಷಧ ಹರಡಲು ಶುರುವಾಗುವುದರಿಂದ ಒಮ್ಮೆ ಇಟ್ಟ ಡಿಸ್ಕನ್ನು ಎತ್ತಿ ಇನ್ನೊಂದೆಡೆ ಇಡುವಂತಿಲ್ಲ.

ಮರುದಿನ ಪ್ಲೇಟನ್ನು ಕಪ್ಪು ಹಿನ್ನೆಲೆಯ ಮೇಲೆ ಬೋರಲು ಹಿಡಿದು, ಬೆಳಕು ಬೀಳುವಂತೆ ವಾಲಿಸಿ ನೋಡಿದರೆ ಬೂದುಬಣ್ಣದ ಬೆಳವಣಿಗೆಯ ನಡುವೆ ಡಿಸ್ಕಿನ ಸುತ್ತ ತಿಳಿಯಾದ ವೃತ್ತ ಕಾಣುತ್ತದೆ. ಅದರ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ಕೋಷ್ಟಕದೊಂದಿಗೆ ಹೋಲಿಸುತ್ತಾರೆ. ಅಗಾರ್ ದಪ್ಪವಾದರೆ ವೃತ್ತ ಕಿರಿದಾಗುತ್ತದೆ, ತೆಳುವಾದರೆ ಹಿರಿದಾಗುತ್ತದೆ. ಬ್ಯಾಕ್ಟೀರಿಯಾ ಹೆಚ್ಚಾಗಿ ಹಚ್ಚಿದರೂ ವೃತ್ತ ಕಿರಿದಾಗುತ್ತದೆ. ತೇವ ತಗುಲಿದ ಇಮಿಪೆನೆಮ್ ಡಿಸ್ಕ್ ಸತ್ವ ಕಳೆದುಕೊಂಡು, ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾವನ್ನೂ ಬಗ್ಗದ್ದೆಂದು ತೋರಿಸುತ್ತದೆ.

ಇಷ್ಟಾದರೂ ನೋಡುವವರ ಕಣ್ಣಿಗಿರುವ ಕೆಲಸ ಮುಗಿಯುವುದಿಲ್ಲ. ತಿಳಿಯಾದ ವೃತ್ತದೊಳಗೆ ನಾಲ್ಕಾರು ಸಣ್ಣ ಕಾಲೊನಿಗಳು ಚುಕ್ಕಿಗಳಂತೆ ನಿಂತಿದ್ದರೆ ಅವನ್ನು ಕಡೆಗಣಿಸಿ ಹೊರಗಿನ ಅಂಚನ್ನು ಅಳೆಯುವುದು ದೊಡ್ಡ ತಪ್ಪು. ಅದು ಬೇರೆ ಬ್ಯಾಕ್ಟೀರಿಯಾ ಬೆರೆತಿರುವುದರ ಗುರುತಾಗಿರಬಹುದು, ಇಲ್ಲವೇ ಅದೇ ಬ್ಯಾಕ್ಟೀರಿಯಾದ ಪ್ರತಿರೋಧಿ ಉಪಗುಂಪಾಗಿರಬಹುದು. ಎರಡರಲ್ಲಿ ಯಾವುದೆಂದು ಮತ್ತೆ ಬೆಳೆಸಿ ನೋಡದೆ ವರದಿ ಕೊಡಬಾರದು. ಪ್ರೋಟಿಯಸ್‌ನಲ್ಲಿ ಮಾತ್ರ ವೃತ್ತದೊಳಗೆ ಹರಿದುಬಂದ ತೆಳ್ಳನೆಯ ಪೊರೆಯನ್ನು ಬಿಟ್ಟು ಅಳೆಯುವುದು ಸರಿಯಾದ ಕ್ರಮ.

ಎಂಐಸಿ ಎಂದರೇನು? ಕಡಿಮೆ ಎಂಐಸಿ ಇರುವ ಔಷಧವೇ ಉತ್ತಮವೇ?

ಬ್ಯಾಕ್ಟೀರಿಯಾದ ಕಣ್ಣಿಗೆ ಕಾಣುವ ಬೆಳವಣಿಗೆಯನ್ನು ತಡೆಯುವ ಔಷಧದ ಅತ್ಯಂತ ಕಡಿಮೆ ಸಾಂದ್ರತೆಯೇ ಎಂಐಸಿ. ಸೂಕ್ಷ್ಮ ಗುಣಿಗಳ ತಟ್ಟೆಯಲ್ಲಿ ಔಷಧದ ಸಾಂದ್ರತೆಯನ್ನು ಮಿಲಿಲೀಟರಿಗೆ 0.5, 1, 2, 4, 8 ಮೈಕ್ರೊಗ್ರಾಂ ಎಂದು ಇಮ್ಮಡಿಸುತ್ತಾ ಹೋಗಿ, ಪ್ರತಿ ಗುಣಿಯಲ್ಲೂ ಮಿಲಿಲೀಟರಿಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ ಇರುವಂತೆ ಮಾಡಿ, ಎಲ್ಲಿಂದ ದ್ರವ ತಿಳಿಯಾಗಿ ಉಳಿಯಿತೆಂದು ನೋಡುತ್ತಾರೆ. ಇಮ್ಮಡಿಯ ಲೆಕ್ಕವಾದ್ದರಿಂದ ಒಂದು ಮೆಟ್ಟಿಲು ಹಿಂದುಮುಂದಾಗುವುದು ಈ ವಿಧಾನದ ಸಹಜ ವ್ಯತ್ಯಾಸ. ನಿನ್ನೆ 1 ಇದ್ದದ್ದು ಇಂದು 2 ಆಯಿತೆಂದ ಮಾತ್ರಕ್ಕೆ ಪ್ರತಿರೋಧ ಹೆಚ್ಚಿತೆನ್ನಲಾಗದು.

ಎರಡನೆಯ ಪ್ರಶ್ನೆಗೆ ಉತ್ತರ ‘ಅಲ್ಲ’ ಎಂಬುದೇ. ಒಂದು ಔಷಧದ ಎಂಐಸಿ 0.5 ಇದ್ದು ಇನ್ನೊಂದರದ್ದು 4 ಇದ್ದರೂ ಎರಡನೆಯದೇ ಉತ್ತಮ ಆಯ್ಕೆಯಾಗಿರಬಹುದು. ಪ್ರತಿಯೊಂದು ಔಷಧವೂ ರಕ್ತದಲ್ಲಿ ತಲುಪುವ ಮಟ್ಟ ಬೇರೆ, ಅದಕ್ಕೆ ನಿಗದಿಪಡಿಸಿದ ಬ್ರೇಕ್‌ಪಾಯಿಂಟ್, ಅಂದರೆ ಬಗ್ಗುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವ ಗಡಿ ಅಂಕಿ, ಬೇರೆ. ಅಂಕಿಯನ್ನು ಅದರದೇ ಬ್ರೇಕ್‌ಪಾಯಿಂಟ್ ಜೊತೆ ಹೋಲಿಸಬೇಕು, ಪಕ್ಕದ ಸಾಲಿನ ಅಂಕಿಯ ಜೊತೆಗಲ್ಲ.

ಎಸ್, ಐ, ಆರ್ ಎಂಬ ಅಕ್ಷರಗಳ ಅರ್ಥವೇನು?

ಎಸ್ ಎಂದರೆ ವಾಡಿಕೆಯ ಡೋಸ್‌ನಲ್ಲಿ ಔಷಧ ಫಲ ಕೊಡುವ ಸಂಭವ ಹೆಚ್ಚು, ಆರ್ ಎಂದರೆ ಡೋಸ್ ಹೆಚ್ಚಿಸಿದರೂ ವಿಫಲವಾಗುವ ಸಂಭವ ಹೆಚ್ಚು. ಗೊಂದಲವಿರುವುದು ಐ ಅಕ್ಷರದಲ್ಲಿ. ಹಿಂದೆ ಅದನ್ನು ‘ಮಧ್ಯಮ’ ಎಂದು ಓದಿ ಬಹುಮಂದಿ ಆ ಔಷಧವನ್ನು ಬದಿಗಿಡುತ್ತಿದ್ದರು. ಯೂಕಾಸ್ಟ್ 2019ರಲ್ಲಿ ಅದರ ಅರ್ಥವನ್ನೇ ಬದಲಿಸಿ, ‘ಔಷಧದ ಪ್ರಮಾಣ ಅಥವಾ ಲಭ್ಯತೆ ಹೆಚ್ಚಿದ್ದರೆ ಬಗ್ಗುತ್ತದೆ’ ಎಂದು ವ್ಯಾಖ್ಯಾನಿಸಿತು. ಇಂಥದೇ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಕೋಷ್ಟಕಗಳಲ್ಲಿ ಕೆಲವು ಔಷಧಗಳಿಗೆ ‘ಡೋಸ್ ಅವಲಂಬಿತ’ ಎಂಬ ಪ್ರತ್ಯೇಕ ವರ್ಗವಿದೆ. ಹೀಗಾಗಿ ವರದಿ ಯಾವ ಮಾನದಂಡವನ್ನು, ಯಾವ ವರ್ಷದ ಆವೃತ್ತಿಯನ್ನು ಅನುಸರಿಸಿದೆ ಎಂಬುದು ಅದರಲ್ಲೇ ನಮೂದಾಗಿರಬೇಕು. ಕ್ಲೆಬ್ಸಿಯೆಲ್ಲಾದಂಥವುಗಳ ಸೆಫಲೋಸ್ಪೊರಿನ್ ಮತ್ತು ಕಾರ್ಬಪೆನೆಮ್ ಬ್ರೇಕ್‌ಪಾಯಿಂಟ್‌ಗಳನ್ನು ಸಿಎಲ್‌ಎಸ್‌ಐ 2010ರಲ್ಲಿ ತಗ್ಗಿಸಿದ್ದರಿಂದ, ಹಳೆಯ ಕೋಷ್ಟಕದಲ್ಲಿ ಎಸ್ ಆಗಿದ್ದ ಬ್ಯಾಕ್ಟೀರಿಯಾ ಹೊಸದರಲ್ಲಿ ಆರ್ ಆಗಬಹುದು. ಹಳೆಯ ಕೋಷ್ಟಕವನ್ನು ಯಂತ್ರದೊಳಗೆ ಹಾಗೆಯೇ ಉಳಿಸಿಕೊಂಡ ಪ್ರಯೋಗಾಲಯದ ವರದಿ ರೋಗಿಗೆ ಅಪಾಯಕಾರಿ.

ಎಸ್ ಎಂದು ಬಂದ ಮೇಲೂ ಔಷಧ ಫಲಿಸದಿರಬಹುದೇ?

ಖಂಡಿತ ಸಾಧ್ಯ. ಪರೀಕ್ಷೆ ಪ್ಲೇಟಿನ ಮೇಲೆ ನಡೆಯುತ್ತದೆ, ಸೋಂಕು ದೇಹದ ಒಂದು ನಿರ್ದಿಷ್ಟ ಜಾಗದಲ್ಲಿರುತ್ತದೆ. ಡ್ಯಾಪ್ಟೊಮೈಸಿನ್ ಅನ್ನು ಶ್ವಾಸಕೋಶದ ಸರ್ಫ್ಯಾಕ್ಟೆಂಟ್ ನಿಷ್ಕ್ರಿಯಗೊಳಿಸುವುದರಿಂದ ವರದಿಯಲ್ಲಿ ಎಸ್ ಇದ್ದರೂ ನ್ಯುಮೋನಿಯಾಕ್ಕೆ ಅದು ಸಲ್ಲದು. ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದಲ್ಲಷ್ಟೇ ಸಾಕಷ್ಟು ಸಾಂದ್ರತೆ ಪಡೆಯುತ್ತದೆ, ರಕ್ತದ ಸೋಂಕಿಗೆ ಅದು ನಿಷ್ಪ್ರಯೋಜಕ. ಕ್ಯಾತಿಟರಿನ ಒಳಗೋಡೆಗೆ ಲೋಳೆಯ ಪದರ ಕಟ್ಟಿಕೊಂಡು ಕುಳಿತ ಬ್ಯಾಕ್ಟೀರಿಯಾಗಳು ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಔಷಧವನ್ನು ತಾಳಿಕೊಳ್ಳುತ್ತವೆ. ನಮ್ಮ ಮಾಮೂಲಿ ಪರೀಕ್ಷೆ ನೋಡುವುದು ತೇಲುವವುಗಳನ್ನು ಮಾತ್ರ. ಕ್ಯಾತಿಟರ್ ತೆಗೆಯದೆ ಔಷಧ ಬದಲಿಸುತ್ತಾ ಹೋದರೆ ಗುಣ ಕಾಣದಿರುವುದಕ್ಕೆ ಎಷ್ಟೋ ಬಾರಿ ಕಾರಣ ಇದೇ.

ಇನ್ನೊಂದು ಉದಾಹರಣೆ ಹೆಚ್ಚು ಸೂಕ್ಷ್ಮವಾದದ್ದು. ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗದ ಈ. ಕೋಲಿ ಮತ್ತು ಕ್ಲೆಬ್ಸಿಯೆಲ್ಲಾ ರಕ್ತದ ಸೋಂಕಿನಲ್ಲಿ ಪಿಪೆರಾಸಿಲಿನ್ ಟ್ಯಾಜೊಬ್ಯಾಕ್ಟಮ್ ಅನ್ನು ಮೆರೊಪೆನೆಮ್ ಎಂಬ ಕಾರ್ಬಪೆನೆಮ್ ಜೊತೆ ಹೋಲಿಸಿದ ಮೆರಿನೋ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಎರಡೂ ಔಷಧಗಳಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆಂದು ವರದಿಯಾದ ರೋಗಿಗಳನ್ನೇ ಅದಕ್ಕೆ ಆರಿಸಲಾಗಿತ್ತು. ಆದರೂ 30 ದಿನಗಳೊಳಗಿನ ಸಾವು ಮೊದಲ ಗುಂಪಿನಲ್ಲಿ ಶೇ 12.3, ಎರಡನೆಯದರಲ್ಲಿ ಶೇ 3.7 ಆಗಿತ್ತು. ಮುಂದೆ ಅದೇ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮ ಗುಣಿಗಳ ಪ್ರಮಾಣಿತ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ, ಮೊದಲು ಎಸ್ ಎನಿಸಿದ್ದ ಕೆಲವು ನಿಜಕ್ಕೂ ಬಗ್ಗುವಂಥವಾಗಿರಲಿಲ್ಲ ಎಂಬುದು ಹೊರಬಿತ್ತು, ಮತ್ತು ಅವನ್ನು ಬಿಟ್ಟು ಲೆಕ್ಕ ಹಾಕಿದಾಗ ಸಾವಿನ ಅಂತರ ಕುಗ್ಗಿತು. ಆರ್ ಆಗಬೇಕಾದದ್ದನ್ನು ಎಸ್ ಎಂದು ಹೇಳುವುದನ್ನು ಪ್ರಯೋಗಾಲಯದ ಪರಿಭಾಷೆಯಲ್ಲಿ ‘ಅತಿ ಗಂಭೀರ ದೋಷ’ ಎಂದು ಕರೆಯುವುದು ಸುಮ್ಮನೆ ಅಲ್ಲ.

ಎಂಆರ್‌ಎಸ್‌ಎ ಪತ್ತೆಗೆ ಮೆಥಿಸಿಲಿನ್ ಬಿಟ್ಟು ಸೆಫಾಕ್ಸಿಟಿನ್ ಡಿಸ್ಕ್ ಬಳಸುವುದೇಕೆ?

ಎಂಆರ್‌ಎಸ್‌ಎ ಎಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫೈಲೊಕಾಕಸ್ ಆರಿಯಸ್. 1961ರಲ್ಲಿ ಮೊದಲು ವರದಿಯಾದ ಈ ಪ್ರತಿರೋಧಕ್ಕೆ ಮೆಥಿಸಿಲಿನ್‌ನ ಹೆಸರು ಅಂಟಿಕೊಂಡಿದೆ, ಆದರೆ ಆ ಔಷಧವೇ ಈಗ ಬಳಕೆಯಲ್ಲಿಲ್ಲ. ಪ್ರತಿರೋಧಕ್ಕೆ ಕಾರಣ ಮೆಕ್‌ಎ ಎಂಬ ಜೀನ್. ಅದು ತಯಾರಿಸುವ ಪಿಬಿಪಿ2ಎ ಎಂಬ ಪ್ರೋಟೀನಿಗೆ ಬೀಟಾ ಲ್ಯಾಕ್ಟಮ್ ಔಷಧಗಳು ಸರಿಯಾಗಿ ಅಂಟುವುದಿಲ್ಲ. ಸೆಫಾಕ್ಸಿಟಿನ್ ಈ ಜೀನ್ ಅನ್ನು ಚೆನ್ನಾಗಿ ಕೆರಳಿಸುವುದರಿಂದ ಅಡಗಿರುವ ಪ್ರತಿರೋಧವೂ ಹೊರಬೀಳುತ್ತದೆ. ಸಿಎಲ್‌ಎಸ್‌ಐ ಕೋಷ್ಟಕದ ಪ್ರಕಾರ 30 ಮೈಕ್ರೊಗ್ರಾಂ ಡಿಸ್ಕಿನ ಸುತ್ತ ವೃತ್ತ 21 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸ್ಟೆಫೈಲೊಕಾಕಸ್ ಆರಿಯಸ್ ಅನ್ನು ಎಂಆರ್‌ಎಸ್‌ಎ ಎನ್ನುತ್ತಾರೆ. ಡಿಸ್ಕ್ ಸೆಫಾಕ್ಸಿಟಿನ್‌ನದಾದರೂ ವರದಿಯಲ್ಲಿ ಮೆಥಿಸಿಲಿನ್ ಬಳಗದ ಆಕ್ಸಾಸಿಲಿನ್‌ನ ಫಲಿತಾಂಶ ಬರೆಯುವುದು ಈ ಕಾರಣಕ್ಕೆ.

ಡಿ ಪರೀಕ್ಷೆ ಎಂದರೇನು?

ಸ್ಟೆಫೈಲೊಕಾಕಸ್ ಕೆಲವೊಮ್ಮೆ ಎರಿಥ್ರೊಮೈಸಿನ್‌ಗೆ ಬಗ್ಗದೆ, ಕ್ಲಿಂಡಾಮೈಸಿನ್‌ಗೆ ಮಾತ್ರ ಬಗ್ಗುವಂತೆ ನಟಿಸುತ್ತದೆ. ಎರಡು ಡಿಸ್ಕ್‌ಗಳನ್ನೂ 15ರಿಂದ 26 ಮಿಲಿಮೀಟರ್ ಅಂತರದಲ್ಲಿ ಅಕ್ಕಪಕ್ಕ ಇಟ್ಟರೆ, ಎರಿಥ್ರೊಮೈಸಿನ್‌ನ ಪ್ರಭಾವದಿಂದ ಪ್ರತಿರೋಧದ ಜೀನ್ ಎಚ್ಚೆತ್ತು, ಕ್ಲಿಂಡಾಮೈಸಿನ್‌ನ ದುಂಡು ವೃತ್ತದ ಒಂದು ಬದಿ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತೆ ಕಾಣುತ್ತದೆ. ಹಾಗೆ ಕಂಡರೆ ಕ್ಲಿಂಡಾಮೈಸಿನ್ ಅನ್ನು ಆರ್ ಎಂದು ವರದಿ ಮಾಡುತ್ತಾರೆ. ಎರಡು ಡಿಸ್ಕ್‌ಗಳನ್ನು ಪ್ಲೇಟಿನ ಎರಡು ಮೂಲೆಗಳಿಗೆ ಇಟ್ಟುಬಿಟ್ಟರೆ ಈ ಗುಟ್ಟು ರಟ್ಟಾಗುವುದೇ ಇಲ್ಲ.

ಇಎಸ್‌ಬಿಎಲ್ ಮತ್ತು ಕಾರ್ಬಪೆನೆಮೇಸ್ ಪತ್ತೆ ಹೇಗೆ? ಅದು ಅಷ್ಟು ಕಷ್ಟವೇಕೆ?

ಇಎಸ್‌ಬಿಎಲ್ ಎಂದರೆ ಮೂರನೆಯ ಪೀಳಿಗೆಯ ಸೆಫಲೋಸ್ಪೊರಿನ್‌ಗಳನ್ನೂ ಒಡೆಯುವ ಬೀಟಾ ಲ್ಯಾಕ್ಟಮೇಸ್, ಕಾರ್ಬಪೆನೆಮೇಸ್ ಎಂದರೆ ಕಾರ್ಬಪೆನೆಮ್ ಅನ್ನೂ ಒಡೆಯುವ ಕಿಣ್ವ. ಇಎಸ್‌ಬಿಎಲ್ ಪತ್ತೆ ತುಸು ಸುಲಭ. ಆ ಕಿಣ್ವಗಳನ್ನು ಕ್ಲಾವುಲನಿಕ್ ಆಮ್ಲ ಕಟ್ಟಿಹಾಕುತ್ತದೆ. ಸೆಫೊಟ್ಯಾಕ್ಸಿಮ್ ಅಥವಾ ಸೆಫ್ಟಾಜಿಡಿಮ್ ಡಿಸ್ಕನ್ನು ಒಂಟಿಯಾಗಿಯೂ ಕ್ಲಾವುಲನಿಕ್ ಆಮ್ಲದ ಜೊತೆಗೂ ಇಟ್ಟಾಗ, ಜೊತೆಗಿಟ್ಟ ಡಿಸ್ಕಿನ ವೃತ್ತ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ದೊಡ್ಡದಾದರೆ ಇಎಸ್‌ಬಿಎಲ್ ಇದೆಯೆಂದು ಅರ್ಥ.

ಕಾರ್ಬಪೆನೆಮೇಸ್‌ಗಳು ಅಷ್ಟು ಸರಳವಲ್ಲ, ಏಕೆಂದರೆ ಅವು ಒಂದೇ ಕುಲದವಲ್ಲ. ಕೆಪಿಸಿ ಒಂದು ಬಗೆ, ಎನ್‌ಡಿಎಂ, ವಿಐಎಂ ಮತ್ತು ಐಎಂಪಿಗಳು ಸತುವನ್ನು ಬಳಸುವ ಇನ್ನೊಂದು ಬಗೆ, ಆಕ್ಸಾ-48 ಮತ್ತೊಂದು. ಇವುಗಳಲ್ಲಿ ಆಕ್ಸಾ-48 ಅತಿ ಮೋಸದ್ದು. ಅದಿರುವ ಬ್ಯಾಕ್ಟೀರಿಯಾದಲ್ಲಿ ಮೆರೊಪೆನೆಮ್ ಎಂಐಸಿ ಕೆಲವೊಮ್ಮೆ ಬಗ್ಗುವ ಮಿತಿಯೊಳಗೇ ಇದ್ದು ನೋಡುವವರ ಕಣ್ಣಿಗೆ ಮಣ್ಣೆರಚುತ್ತದೆ.

ಪ್ರಯೋಗಾಲಯದಲ್ಲಿ ಮೂರು ಬಗೆಯ ಪರೀಕ್ಷೆಗಳು ಚಾಲ್ತಿಯಲ್ಲಿವೆ. ಮೊದಲನೆಯದು ಎಂಸಿಐಎಂ. ಎರಡು ಮಿಲಿಲೀಟರ್ ದ್ರವ ಮಾಧ್ಯಮದಲ್ಲಿ ಶಂಕಿತ ಬ್ಯಾಕ್ಟೀರಿಯಾವನ್ನು ಬೆರೆಸಿ, ಅದರೊಳಗೆ ಮೆರೊಪೆನೆಮ್ ಡಿಸ್ಕನ್ನು ನಾಲ್ಕು ಗಂಟೆ ನೆನೆಸಿಡುತ್ತಾರೆ. ಆಮೇಲೆ ಆ ಡಿಸ್ಕನ್ನು ತೆಗೆದು, ಔಷಧಕ್ಕೆ ಸುಲಭವಾಗಿ ಬಗ್ಗುವ ಈ. ಕೋಲಿ ಹಚ್ಚಿದ ಪ್ಲೇಟಿನ ಮೇಲಿಡುತ್ತಾರೆ. ಕಿಣ್ವ ಔಷಧವನ್ನು ತಿಂದುಹಾಕಿದ್ದರೆ ಆ ಬಡಪಾಯಿ ಈ. ಕೋಲಿಯೂ ಡಿಸ್ಕಿನ ಅಂಚಿನವರೆಗೆ ಬೆಳೆಯುತ್ತದೆ. ವೃತ್ತ 19 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಕಿಣ್ವವಿಲ್ಲ, 15 ಅಥವಾ ಕಡಿಮೆಯಿದ್ದರೆ ಇದೆ. ಇದು ಎಂಟೆರೊಬ್ಯಾಕ್ಟರೇಲ್ಸ್ ಮತ್ತು ಸ್ಯೂಡೊಮೊನಾಸ್‌ಗೆ ಮಾತ್ರ, ಅಸಿನೆಟೊಬ್ಯಾಕ್ಟರ್‌ಗೆ ಇದನ್ನು ಬಳಸಬಾರದು. ಎರಡನೆಯದು 2012ರಲ್ಲಿ ಬಂದ ಕಾರ್ಬಾ ಎನ್‌ಪಿ. ಇಮಿಪೆನೆಮ್ ಒಡೆದಾಗ ದ್ರವ ಆಮ್ಲೀಯವಾಗಿ, ಕೊಳವೆಯಲ್ಲಿನ ಫೀನಾಲ್ ರೆಡ್ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಎರಡು ಗಂಟೆಯೊಳಗೆ ಉತ್ತರ ಸಿಗುತ್ತದೆ, ಆದರೆ ಆಕ್ಸಾ-48 ಇಲ್ಲಿಯೂ ಕೆಲವೊಮ್ಮೆ ನುಸುಳಿಕೊಳ್ಳುತ್ತದೆ. ಮೂರನೆಯದು ಪಟ್ಟಿಯ ಮೇಲೆ ಗೆರೆ ಮೂಡುವ ಇಮ್ಯುನೊಕ್ರೊಮ್ಯಾಟೊಗ್ರಫಿ, ಕಾಲು ಗಂಟೆಯಲ್ಲಿ ಕಿಣ್ವದ ಕುಲವನ್ನೂ ಹೇಳುತ್ತದೆ. ಒಂದು ಕಾಲದಲ್ಲಿ ಎಲ್ಲೆಡೆ ಮಾಡುತ್ತಿದ್ದ ಮಾರ್ಪಡಿಸಿದ ಹಾಜ್ ಪರೀಕ್ಷೆಯನ್ನು ಸಿಎಲ್‌ಎಸ್‌ಐ ಕೈಬಿಟ್ಟಿದೆ, ಎನ್‌ಡಿಎಂ ಅದರಲ್ಲಿ ಸರಿಯಾಗಿ ಸಿಗುತ್ತಿರಲಿಲ್ಲ.

ಕಿಣ್ವ ಯಾವ ಕುಲದ್ದೆಂದು ತಿಳಿಯುವುದು ಬರಿಯ ಕುತೂಹಲಕ್ಕಲ್ಲ. ಸೆಫ್ಟಾಜಿಡಿಮ್ ಅವಿಬ್ಯಾಕ್ಟಮ್ ಎಂಬ ಜೋಡಿ ಔಷಧ ಕೆಪಿಸಿ ಮತ್ತು ಆಕ್ಸಾ-48ರ ಎದುರು ಕೆಲಸ ಮಾಡುತ್ತದೆ, ಎನ್‌ಡಿಎಂ ಎದುರು ಮಾಡುವುದಿಲ್ಲ. ಚಿಕಿತ್ಸೆಯ ದಾರಿ ಕವಲೊಡೆಯುವುದೇ ಇಲ್ಲಿ.

ಕೊಲಿಸ್ಟಿನ್ ಮತ್ತು ವ್ಯಾಂಕೊಮೈಸಿನ್‌ಗೆ ಡಿಸ್ಕ್ ಪರೀಕ್ಷೆ ಏಕೆ ಬೇಡವೆನ್ನುತ್ತಾರೆ?

ಎರಡೂ ದೊಡ್ಡ ಅಣುಗಳು, ಅಗಾರಿನಲ್ಲಿ ಸರಾಗವಾಗಿ ಹರಡುವುದಿಲ್ಲ. ಕೊಲಿಸ್ಟಿನ್‌ನಲ್ಲಿ ಬಗ್ಗುವ ಮತ್ತು ಬಗ್ಗದ ಬ್ಯಾಕ್ಟೀರಿಯಾಗಳ ವೃತ್ತಗಳ ನಡುವಿನ ಅಂತರ ಒಂದೆರಡು ಮಿಲಿಮೀಟರಿನಷ್ಟೇ ಆಗಿ ಹೋಗುತ್ತದೆ, ಒಂದು ತುದಿಯಿಂದ ಇನ್ನೊಂದಕ್ಕೆ ಔಷಧದ ಸಾಂದ್ರತೆ ಏರುತ್ತಾ ಹೋಗುವ ಗ್ರೇಡಿಯೆಂಟ್ ಪಟ್ಟಿಗಳೂ ಇಲ್ಲಿ ಭರವಸೆಗೆ ಅರ್ಹವಲ್ಲ. ಸೂಕ್ಷ್ಮ ಗುಣಿಗಳ ವಿಧಾನವೇ ಪ್ರಮಾಣ. ಅದು ಸಾಧ್ಯವಾಗದ ಕಡೆ ಡಿಸ್ಕ್‌ಗಳನ್ನು ದ್ರವ ಮಾಧ್ಯಮದಲ್ಲಿ ಹಾಕಿ ಔಷಧವನ್ನು ಬಿಡಿಸಿಕೊಳ್ಳುವ ವಿಧಾನವನ್ನು ಸಿಎಲ್‌ಎಸ್‌ಐ ಒಪ್ಪಿದೆ, ಬೇಕಾಗುವುದು ನಾಲ್ಕು ಕೊಳವೆ ಮತ್ತು ಕೆಲವು ಡಿಸ್ಕ್‌ಗಳಷ್ಟೇ. 2020ರಿಂದ ಸಿಎಲ್‌ಎಸ್‌ಐ ಕೊಲಿಸ್ಟಿನ್‌ಗೆ ಎಸ್ ವರ್ಗವನ್ನೇ ತೆಗೆದುಹಾಕಿದ್ದು, ಎಂಐಸಿ 2 ಅಥವಾ ಕಡಿಮೆಯಿದ್ದರೂ ಐ ಎಂದೇ ಬರೆಯಬೇಕು. ಸ್ಟೆಫೈಲೊಕಾಕಸ್ ಆರಿಯಸ್‌ಗೆ ವ್ಯಾಂಕೊಮೈಸಿನ್ ವಿಷಯದಲ್ಲೂ ಎಂಐಸಿ ಕಡ್ಡಾಯ. ಎಂಟೆರೊಕಾಕಸ್‌ಗೆ ಡಿಸ್ಕ್ ನಡೆಯುತ್ತದೆ, ಆದರೆ 24 ಗಂಟೆ ಪೂರ್ತಿ ಕಾದು ನೋಡಬೇಕು.

ಪಿಸಿಆರ್ ಒಂದು ಗಂಟೆಯಲ್ಲಿ ಉತ್ತರ ಕೊಡುವಾಗ ಕಲ್ಚರ್ ಏಕೆ ಬೇಕು?

ಜೀನ್‌ನ ನಕಲುಗಳನ್ನು ಹೆಚ್ಚಿಸಿ ಪತ್ತೆಹಚ್ಚುವ ಪಿಸಿಆರ್ ತನಗೆ ಕೇಳಿದ ಜೀನ್‌ಗಳ ಬಗ್ಗೆ ಮಾತ್ರ ಉತ್ತರಿಸುತ್ತದೆ. ಐದು ಕಾರ್ಬಪೆನೆಮೇಸ್ ಜೀನ್‌ಗಳನ್ನು ಹುಡುಕುವ ಪರೀಕ್ಷೆಯಲ್ಲಿ ಐದೂ ನೆಗೆಟಿವ್ ಬಂದರೆ ಆ ಐದು ಇಲ್ಲ ಎಂದಷ್ಟೇ ಅರ್ಥ, ಮೆರೊಪೆನೆಮ್ ಕೆಲಸ ಮಾಡುತ್ತದೆ ಎಂದಲ್ಲ. ಪಾಸಿಟಿವ್ ಬಂದಾಗ ಮಾತ್ರ ಅದರ ಮಾತಿಗೆ ತೂಕ ಹೆಚ್ಚು. ಎಂಟೆರೊಬ್ಯಾಕ್ಟರೇಲ್ಸ್‌ನಲ್ಲಿ ಎನ್‌ಡಿಎಂ ಜೀನ್ ಸಿಕ್ಕ ಮೇಲೆ ಮೆರೊಪೆನೆಮ್ ಡಿಸ್ಕಿನ ವೃತ್ತ ಚೆನ್ನಾಗಿದೆಯೆಂದು ಸಮಾಧಾನಪಡದೆ ಬ್ಯಾಕ್ಟೀರಿಯಾದ ಶುದ್ಧತೆಯನ್ನೂ ಎರಡೂ ಪರೀಕ್ಷೆಗಳನ್ನೂ ಮತ್ತೆ ನೋಡಬೇಕು. ರಕ್ತದ ಬಾಟಲಿಯಲ್ಲಿ ಎರಡು ಬಗೆಯ ಸ್ಟೆಫೈಲೊಕಾಕಸ್ ಬೆರೆತಿದ್ದರೆ ಮೆಕ್‌ಎ ಯಾವುದರದ್ದೆಂದು ಹೇಳುವುದು ಪಿಸಿಆರ್‌ಗೂ ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಪಿಸಿಆರ್ ಮೊದಲ ರಾತ್ರಿಯ ನಿರ್ಧಾರಕ್ಕೆ, ಕಲ್ಚರ್ ಮುಂದಿನ ಹತ್ತು ದಿನದ ನಿರ್ಧಾರಕ್ಕೆ. ಪೂರ್ತಿ ಜೀನೋಮ್ ಓದುವ ವಿಧಾನಕ್ಕೆ ಒಬ್ಬರಿಂದೊಬ್ಬರಿಗೆ ಹರಡಿದ ಜಾಡನ್ನು ಹಿಡಿಯುವಲ್ಲಿ ಸಾಟಿಯಿಲ್ಲ, ಆದರೆ ಒಬ್ಬ ರೋಗಿಯ ಔಷಧ ನಿರ್ಧರಿಸಲು ಅದನ್ನೇ ನೆಚ್ಚಿಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ಸ್ವಾಬ್‌ನಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾ ಸಿಕ್ಕರೆ ಚಿಕಿತ್ಸೆ ಬೇಕೇ?

ಸಿಕ್ಕಿತೆಂಬ ಒಂದೇ ಕಾರಣಕ್ಕೆ ಬೇಡ. ಮೂಗಿನ ಸ್ವಾಬ್‌ನಲ್ಲಿ ಎಂಆರ್‌ಎಸ್‌ಎ ಅಥವಾ ಗುದದ ಸ್ವಾಬ್‌ನಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಸಿಕ್ಕುವುದೆಂದರೆ ಅದು ಅಲ್ಲಿ ಬೀಡುಬಿಟ್ಟಿದೆ ಎಂದರ್ಥ, ರೋಗ ತಂದಿದೆ ಎಂದಲ್ಲ. ಆ ಮಾಹಿತಿ ಬೇಕಾಗುವುದು ಪ್ರತ್ಯೇಕ ಕೋಣೆ, ಕೈಗವಸು, ಕೈತೊಳೆತದಂಥ ಎಚ್ಚರಿಕೆಗಳಿಗೆ, ಮತ್ತು ಮುಂದೆ ಅದೇ ರೋಗಿಗೆ ಜ್ವರ ಬಂದರೆ ಮೊದಲ ಔಷಧ ಯಾವುದೆಂದು ಆರಿಸುವುದಕ್ಕೆ.

ವರದಿಯಲ್ಲಿ ಕೆಲವು ಔಷಧಗಳ ಹೆಸರೇ ಇರುವುದಿಲ್ಲ. ಪರೀಕ್ಷೆ ಮಾಡಿಲ್ಲವೇ?

ಎಷ್ಟೋ ಬಾರಿ ಮಾಡಿರುತ್ತಾರೆ, ಬೇಕೆಂದೇ ತಡೆಹಿಡಿದಿರುತ್ತಾರೆ. ಸರಳ ಔಷಧಗಳಿಗೆ ಬಗ್ಗುವ ಬ್ಯಾಕ್ಟೀರಿಯಾದ ವರದಿಯಲ್ಲಿ ಕೊನೆಯ ಅಸ್ತ್ರಗಳ ಹೆಸರು ಕಂಡರೆ ಅವನ್ನೇ ಬರೆಯುವ ಚಾಪಲ್ಯ ಹುಟ್ಟುತ್ತದೆ. ಇನ್ನು ಕೆಲವನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಕ್ಲೆಬ್ಸಿಯೆಲ್ಲಾಕ್ಕೆ ಆಂಪಿಸಿಲಿನ್, ಪ್ರೋಟಿಯಸ್ ಮತ್ತು ಸೆರೇಶಿಯಾಗೆ ಕೊಲಿಸ್ಟಿನ್, ಎಂಟೆರೊಕಾಕಸ್‌ಗೆ ಸೆಫಲೋಸ್ಪೊರಿನ್ ಹುಟ್ಟಿನಿಂದಲೇ ನಾಟುವುದಿಲ್ಲ. ಅಂಥ ಜೋಡಿಯ ಎದುರು ವರದಿಯಲ್ಲಿ ಎಸ್ ಕಂಡರೆ ಪ್ರಭೇದದ ಗುರುತು ತಪ್ಪಿದೆ ಅಥವಾ ಪರೀಕ್ಷೆ ತಪ್ಪಿದೆ ಎಂದೇ ತಿಳಿಯಬೇಕು.

ತನ್ನ ಫಲಿತಾಂಶ ಸರಿಯೆಂದು ಪ್ರಯೋಗಾಲಯ ಹೇಗೆ ತಿಳಿಯುತ್ತದೆ?

ವೃತ್ತದ ಅಳತೆ ಎಷ್ಟಿರಬೇಕೆಂದು ಮೊದಲೇ ಗೊತ್ತಿರುವ ಮಾನಕ ಬ್ಯಾಕ್ಟೀರಿಯಾಗಳನ್ನು ಅದೇ ಪ್ಲೇಟು, ಅದೇ ಡಿಸ್ಕ್ ಬಳಸಿ ಬೆಳೆಸಿ ನೋಡುತ್ತಾರೆ. ಎಟಿಸಿಸಿ ಎಂಬ ಅಮೆರಿಕದ ಸೂಕ್ಷ್ಮಜೀವಿ ಸಂಗ್ರಹದ 25922 ಎಂಬ ಈ. ಕೋಲಿ, 27853 ಎಂಬ ಸ್ಯೂಡೊಮೊನಾಸ್, 25923 ಎಂಬ ಸ್ಟೆಫೈಲೊಕಾಕಸ್, ಇಎಸ್‌ಬಿಎಲ್‌ಗೆ 700603 ಎಂಬ ಕ್ಲೆಬ್ಸಿಯೆಲ್ಲಾ ಇಲ್ಲಿ ಮನೆಮಾತು. ಮಾನಕದ ವೃತ್ತ ಮಿತಿಯೊಳಗೆ ಬರದಿದ್ದ ದಿನ ಆ ಔಷಧದ ಯಾವ ರೋಗಿಯ ಫಲಿತಾಂಶವನ್ನೂ ಹೊರಬಿಡಬಾರದು. ಸ್ವಯಂಚಾಲಿತ ಯಂತ್ರಗಳಿದ್ದರೂ ಈ ನಿಯಮಕ್ಕೆ ರಿಯಾಯಿತಿಯಿಲ್ಲ. ಯಂತ್ರ ಅಚ್ಚುಕಟ್ಟಾಗಿ ಮುದ್ರಿಸಿದ ಅಂಕಿಗೆ ಸಿಗುವ ಮರ್ಯಾದೆ, ತಂತ್ರಜ್ಞರು ಸ್ಕೇಲು ಹಿಡಿದು ಅಳೆದದ್ದಕ್ಕೆ ಸಿಗುವುದಿಲ್ಲ. ಆದರೆ ಮಾನಕ ಪರೀಕ್ಷೆ ಮಾಡದ ಯಂತ್ರಕ್ಕಿಂತ ಮಾಡಿದ ಸ್ಕೇಲೇ ಹೆಚ್ಚು ನಂಬಿಕೆಗೆ ಯೋಗ್ಯ.

ಎಲ್ಲ ಔಷಧಗಳ ಎದುರೂ ಆರ್ ಎಂದೇ ಬಂದರೆ ಮುಂದೇನು?

ಮೊದಲು ಪ್ರಯೋಗಾಲಯದ ಸೂಕ್ಷ್ಮಜೀವಿ ತಜ್ಞರಿಗೆ ಫೋನ್ ಮಾಡಬೇಕು. ಬ್ಯಾಕ್ಟೀರಿಯಾ ಶುದ್ಧವಾಗಿತ್ತೇ, ಪ್ರಭೇದ ಖಚಿತವೇ, ಆ ದಿನದ ಮಾನಕ ಪರೀಕ್ಷೆ ಸರಿಯಿತ್ತೇ ಎಂದು ಕೇಳಿ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಬೆಳೆದ ಜಾಗವೂ ಮುಖ್ಯ. ವೆಂಟಿಲೇಟರಿನಲ್ಲಿರುವ ರೋಗಿಯ ಕಫದಲ್ಲಿ ಬೆಳೆದ ಅಸಿನೆಟೊಬ್ಯಾಕ್ಟರ್ ರೋಗಕ್ಕೆ ಕಾರಣವೋ ಅಥವಾ ನಳಿಕೆಯಲ್ಲಿ ಬೀಡುಬಿಟ್ಟದ್ದೋ ಎಂಬುದನ್ನು ಜ್ವರ, ಆಮ್ಲಜನಕದ ಅಗತ್ಯ ಮತ್ತು ಎಕ್ಸ್‌ರೇ ನೋಡಿ ತೀರ್ಮಾನಿಸಬೇಕು, ಬರಿಯ ವರದಿಯಿಂದಲ್ಲ. ನಿಜವಾದ ಸೋಂಕೇ ಆಗಿದ್ದರೆ ಮಾಮೂಲಿ ಪಟ್ಟಿಯಲ್ಲಿ ಇಲ್ಲದ ಔಷಧಗಳನ್ನು ಪರೀಕ್ಷಿಸುವಂತೆ ಕೇಳಬಹುದು. ಎಂಟೆರೊಬ್ಯಾಕ್ಟರೇಲ್ಸ್‌ನಲ್ಲಿ ಎನ್‌ಡಿಎಂ ಇದ್ದು ಅಜ್‌ಟ್ರಿಯೊನಾಮ್ ಒಂಟಿಯಾಗಿ ಆರ್ ಎಂದು ಬಂದಿದ್ದರೂ ಅವಿಬ್ಯಾಕ್ಟಮ್ ಜೊತೆಗೂಡಿದಾಗ ಅದು ಕೆಲಸ ಮಾಡಬಹುದು. ಎನ್‌ಡಿಎಂ ಅಜ್‌ಟ್ರಿಯೊನಾಮ್ ಅನ್ನು ಒಡೆಯಲಾರದು, ಜೊತೆಯಲ್ಲಿರುವ ಇತರ ಕಿಣ್ವಗಳನ್ನು ಅವಿಬ್ಯಾಕ್ಟಮ್ ಕಟ್ಟಿಹಾಕುತ್ತದೆ. ಈ ಜೋಡಿಯ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿದರಷ್ಟೇ ಬಹುತೇಕ ಪ್ರಯೋಗಾಲಯಗಳು ಮಾಡುತ್ತವೆ. ಪ್ಲೇಟನ್ನು ಬಿಸಾಡದೆ ಆ ಬ್ಯಾಕ್ಟೀರಿಯಾವನ್ನು ಕಾಪಾಡಿಡುವಂತೆಯೂ ಅದೇ ಫೋನಿನಲ್ಲಿ ಹೇಳಬೇಕು, ಮತ್ತು ಪಕ್ಕದ ಹಾಸಿಗೆಯ ರೋಗಿಗಳ ಸ್ವಾಬ್ ಅದೇ ದಿನ ಹೋಗುವಂತೆ ಸೋಂಕು ನಿಯಂತ್ರಣ ತಂಡಕ್ಕೆ ತಿಳಿಸಬೇಕು.